ತುಕ್ಕು ಹಿಡಿಯದ ಕೆಂಪು

ನವೆಂಬರ್ 4

ಮಗಳು ಕೂಸನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ನಾನೇ ಹಟ ಹಿಡಿದು ಕರೆಸಿಕೊಂಡೆ. ಅಳಿಯದೇವರ ಮನೆ ಐದನೇ ಮಹಡಿಯಲ್ಲಿದೆ, ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಊರಿನ ಗಾಳಿಯೆಲ್ಲ ಅಲ್ಲೇ ಬಿಡಾರ ಹೂಡಿದೆ. ಕಂಡವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮಹಾಶಯನಿಗೆ ಸ್ವಂತ ಕಿಟಕಿಗೆ ಪುರುಸೊತ್ತಿಲ್ಲ. "ಸರಿ ಮಾಡ್ತೀನಿ ಮಾವ" ಎಂದ. ಇಡೀ ದಿನಕ್ಕೆ ಅವನು ಆಡಿದ ಮಾತು ಅಷ್ಟೇ.

ನನ್ನ ಮನೆ ಅಂಗಡಿಯ ಮೇಲೇ ಇದೆ, ಬೆಚ್ಚಗೆ. ಕೆಳಗೆ ಒಗೆಯುವ ಯಂತ್ರಗಳು, ಇಸ್ತ್ರಿ ಮೇಜು, ಹಿಂದುಗಡೆ ಉಣ್ಣೆಯ ಕೋಣೆ. ಬೇಸಿಗೆ ಬಂತೆಂದರೆ ಗಿರಾಕಿಗಳು ಕೋಟು, ಶಾಲು, ರಗ್ಗುಗಳನ್ನೆಲ್ಲ ಒಗೆಯಲು ಕೊಟ್ಟು ನನ್ನಲ್ಲೇ ಬಿಟ್ಟುಹೋಗುತ್ತಾರೆ, ಚಳಿ ಬಂದಾಗ ಒಯ್ಯುತ್ತಾರೆ. ಅಲ್ಲಿಯವರೆಗೆ ನುಸಿ ಮುಟ್ಟದ ಹಾಗೆ ಕಾಯುವುದು ನನ್ನ ಕೆಲಸ. ನನ್ನ ಕೋಣೆಯಿಂದ ತೂತು ಬಿದ್ದ ಬಟ್ಟೆ ಒಂದೂ ಆಚೆ ಹೋಗಿಲ್ಲ. ಬಡಾಯಿ ಅನ್ನಿಸಿದರೆ ಅನ್ನಿಸಲಿ, ಇದನ್ನು ಓದುವವನು ನಾನೊಬ್ಬನೇ.

ಕೂಸಿಗೆ ಅವನಜ್ಜಿ, ನನ್ನ ಹೆಂಡತಿ, ಹೆಣೆದ ಹೊದಿಕೆಯನ್ನು ಹೊರಗೆ ತೆಗೆದೆ. ಮಗಳು ಹೊಟ್ಟೆಯಲ್ಲಿದ್ದಾಗ ಹೆಣೆದದ್ದು. ಬಿಳಿಯ ಮೈ, ನೀಲಿ ಅಂಚು. ಹೆಣೆದವಳು ಹೋಗಿಬಿಟ್ಟಳು, ಹೊದಿಕೆ ಹೊಸದರ ಹಾಗೇ ಇದೆ. ಗಿರಾಕಿಗಳ ಪೆಟ್ಟಿಗೆಗೆ ಒಂದು ಹಿಡಿ ನುಸಿಗುಳಿಗೆ ಹಾಕಿದರೆ ಇದರ ಪೆಟ್ಟಿಗೆಗೆ ಎರಡು ಹಿಡಿ ಹಾಕುತ್ತಿದ್ದೆ. ಸುತ್ತಿದ ಕೂಡಲೇ ಪುಟ್ಟ ಸಾಹೇಬರು ನಿದ್ದೆ ಹೋದರು. ಮಗಳು ಹೊದಿಕೆಗೆ ಮುಖ ಒತ್ತಿ ಉಸಿರೆಳೆದುಕೊಂಡಳು.

ನವೆಂಬರ್ 7

ಮಗಳನ್ನು ಬೈದೆ. ಕೂಸಿನ ಉಚ್ಚೆಬಟ್ಟೆಯ ಮೇಲೆ ಚಹಾ ಚೆಲ್ಲಿಕೊಂಡಿದ್ದಾಳೆ. ಕಲೆ ಗುರುತಿಸುವುದರಲ್ಲಿ ನನ್ನ ಮುಂದೆ ನಿಲ್ಲುವವರು ಈ ಬೀದಿಯಲ್ಲಿ ಯಾರಿದ್ದಾರೆ? ಶಾಯಿ, ತುಕ್ಕು, ಮೊಟ್ಟೆ, ರಕ್ತ, ಯಾವುದೇ ಇರಲಿ, ಬಟ್ಟೆ ಪೂರ್ತಿ ಬಿಡಿಸುವ ಮೊದಲೇ ಹೇಳಿಬಿಡುತ್ತೇನೆ.

"ಅಪ್ಪಾ, ನಾನಿವತ್ತು ಚಹಾನೇ ಕುಡಿದಿಲ್ಲ."

"ಹಾಗಾದ್ರೆ ನಿನ್ನ ಮಗ ಕುಡಿದಿರಬೇಕು."

ಇಬ್ಬರೂ ನಕ್ಕೆವು. ಸಂಜೆ ಇನ್ನೊಂದು ಬಟ್ಟೆಯಲ್ಲೂ ಅದೇ ಕಲೆ. ಕೂಸು ಹಾಲಿಗೆ ಬಾಯಿ ಹಾಕುತ್ತಿಲ್ಲ. ಹುಟ್ಟಿ ಎರಡು ವಾರ ಆಗಿಲ್ಲ, ಮುಖದಲ್ಲಿ ಮುದುಕರ ಸುಸ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕಣ್ಣು ಹಳದಿ.

ನವೆಂಬರ್ 8

ಆಸ್ಪತ್ರೆ. ಕಾಮಾಲೆಯಂತೆ. ರಕ್ತ ವೇಗವಾಗಿ ಕಡಿಮೆಯಾಗುತ್ತಿದೆಯಂತೆ. ಯಾಕೆ ಅಂತ ಅವರಿಗೂ ಗೊತ್ತಿಲ್ಲ.

ನವೆಂಬರ್ 9

ಕೂಸನ್ನು ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ, ಕಣ್ಣಿಗೆ ಪಟ್ಟಿ ಕಟ್ಟಿ. ಹಾಲು ಕುಡಿಸಲು ಮಾತ್ರ ಹೊರಗೆ ತೆಗೆಯುತ್ತಾರೆ. ವಾರ್ಡು ಮಂಜುಗಡ್ಡೆಯ ಹಾಗಿದೆ. ಮನೆಗೆ ಓಡಿಹೋಗಿ ಹೊದಿಕೆ ತಂದುಕೊಟ್ಟೆ. ಅಷ್ಟಾದರೂ ಕೈಲಾಯಿತಲ್ಲ ಎಂದು ಸಮಾಧಾನ.

ಡಾಕ್ಟರಮ್ಮ ನಮ್ಮ ಮೂವರನ್ನೂ ನಿಲ್ಲಿಸಿಕೊಂಡು ಪೊಲೀಸಿನವರ ಹಾಗೆ ಕೇಳಿದರು. ತಾಯಿ ಏನಾದರೂ ಮಾತ್ರೆ ತಗೊಂಡಳಾ? ಕೂಸಿನ ಮೈಗೆ ಮುಲಾಮು ಹಚ್ಚಿದಿರಾ? ಮನೆಯಲ್ಲಿ ಬಣ್ಣ ಹೊಡೆಸಿದಿರಾ? ಘಾಟು ವಾಸನೆಯ ವಸ್ತು ಏನಾದರೂ ಇದೆಯಾ?

ಕೊನೆಯ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯಿತು. "ನೋಡಿ ಡಾಕ್ಟರಮ್ಮ, ಊರಿನ ಕೊಳೆ ತೆಗೆಯೋನು ನಾನು. ನಮ್ಮನೇಲಿ ಒಂದು ಚೂರು ವಾಸನೆ ಇಲ್ಲ" ಎಂದೆ. ಮಗಳೂ ಹೌದೆಂದು ತಲೆಯಾಡಿಸಿದಳು. ಅಳಿಯದೇವರು ಏನೋ ಹೇಳಲು ಬಾಯಿ ತೆರೆದರು. ಇಂಥ ಹೊತ್ತಲ್ಲಿ ಇವನದೇನು ನಡುವೆ ಎಂದು ಕಣ್ಣು ಬಿಟ್ಟು ನೋಡಿದೆ, ಬಾಯಿ ಮುಚ್ಚಿದ.

ಸಂಜೆಯ ಹೊತ್ತಿಗೆ ಕೂಸಿನ ತುಟಿ ಬೆಳ್ಳಗಾಗಿತ್ತು. ನಾಳೆಯೂ ರಕ್ತ ಹೀಗೇ ಇಳಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರಮ್ಮ ಮರೆಮಾಚದೆ ಹೇಳಿದರು.

ನವೆಂಬರ್ 10

ಇವತ್ತಿನದನ್ನು ಬರೆಯದೆ ಇರಲಾರೆ.

ಆ ಕಲೆ ನನ್ನ ತಲೆಯಿಂದ ಇಳಿದಿರಲಿಲ್ಲ. ಬೆಳಿಗ್ಗೆ ಆ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು ಆಸ್ಪತ್ರೆಯ ಲ್ಯಾಬಿಗೇ ನುಗ್ಗಿದೆ. ಒಳಗೆ ಲ್ಯಾಬ್ ಡಾಕ್ಟರು ಒಬ್ಬರೇ ಇದ್ದರು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು, ತಲೆ ಆಗಲೇ ಬೋಳು. ಬಟ್ಟೆಯನ್ನು ಮೇಜಿನ ಮೇಲೆ ಹರವಿ "ಇದು ಯಾವ ಕಲೆ, ಹೇಳಿ" ಎಂದೆ.

"ರಕ್ತ."

"ರಕ್ತದ ಕಲೆ ನನಗೆ ಗೊತ್ತಿಲ್ವಾ ಸ್ವಾಮಿ? ಇದು ಅದಲ್ಲ."

"ಒಡೆದುಹೋದ ರಕ್ತ. ಕಣಗಳು ಒಡೆದು ಅದರ ಬಣ್ಣ ಉಚ್ಚೆಯಲ್ಲಿ ಹೋಗ್ತಿದೆ." ನನ್ನನ್ನು ಹೊರಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಸರಿಸಿ "ಬನ್ನಿ, ನಿಮ್ಮ ಮೊಮ್ಮಗನದೇ, ನೋಡಿ" ಎಂದರು.

ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಮೊದಲು ಬರೀ ನನ್ನ ರೆಪ್ಪೆ ಕಾಣಿಸಿತು. ಆಮೇಲೆ, ಅಬ್ಬಾ! ಬೆಳ್ಳನೆಯ ಬೆಳಕಿನಲ್ಲಿ ತೇಲುವ ನಸುಗೆಂಪು ಬಿಲ್ಲೆಗಳು, ಒಂದರ ಪಕ್ಕ ಒಂದು, ಕಣ್ಣು ಹೋದಲ್ಲೆಲ್ಲ. ಒಂದು ಹನಿಯ ಚೂರಿನಲ್ಲಿ ಇಷ್ಟು ಜನ! ಕೂಸಿನ ಮುಖ ಯಾರ ಹಾಗಿದೆ ಎಂದು ನಾವು ಜಗಳವಾಡುತ್ತಿದ್ದೆವು. ಅವನ ಒಳಗೆ ಇಂಥದೊಂದು ಊರೇ ಇದೆ ಎಂದು ಯಾರಿಗೆ ಹೊಳೆದಿತ್ತು? ಯಾಕೋ ಕೈ ಮುಗಿಯಬೇಕು ಅನ್ನಿಸಿತು, ಮುಗಿಯಲಿಲ್ಲ, ಡಾಕ್ಟರು ನೋಡುತ್ತಿದ್ದರು.

ನಿಧಾನಕ್ಕೆ ಒಂದೊಂದೇ ಬಿಲ್ಲೆ ನೋಡಿದೆ. ಸುಮಾರು ಬಿಲ್ಲೆಗಳು ಗುಂಡಗಿರಲಿಲ್ಲ. ಅಂಚಿನಲ್ಲಿ ಚೂರು ಕಚ್ಚಿ ತೆಗೆದ ಹಾಗೆ.

"ನುಸಿ ತಿಂದ ಉಣ್ಣೆ ಹೀಗೇ ಇರುತ್ತೆ ಕಣ್ರೀ" ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ನಿಮ್ಮದೇನು ಕೆಲಸ?"

"ಉಣ್ಣೆ ಬಟ್ಟೆ ಒಗೆದು, ಚಳಿಗಾಲದವರೆಗೂ ಕಾಯೋದು."

"ನುಸಿಗುಳಿಗೆ, ಅಂದ್ರೆ ನ್ಯಾಫ್ತಲೀನ್, ಹಾಕ್ತೀರಾ?"

"ಹಾಕ್ದೆ ಮತ್ತೆ?"

ಅವರು ಎದ್ದು ನಿಂತು ನನ್ನ ಕೋಟಿನ ತೋಳು ಹಿಡಿದು ಮೂಸಿದರು. "ಅಯ್ಯೋ, ನೀವು ಒಳಗೆ ಬಂದಾಗಿಂದ ನನ್ನ ಬೀರುವಿನಲ್ಲಿ ಏನೋ ಸೀಸೆ ಒಡೆದಿದೆ ಅಂದ್ಕೊಂಡಿದ್ದೆ! ಮನೆ ತುಂಬ ಇದೇ ವಾಸನೆ ಅಲ್ವಾ? ಕೂಸಿಗೆ ಏನು ಹೊದಿಸಿದೀರಿ?"

ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು, ಹೊದಿಕೆಯನ್ನು ಅವನ ಮೂಗಿನವರೆಗೂ ಎಳೆದು. ಕಿತ್ತುಕೊಂಡೆ. "ಅಪ್ಪಾ, ಚಳಿ!" ಎಂದು ಕಿರುಚಿದಳು. ಹಿಂದೆಯೇ ಓಡಿಬಂದ ಡಾಕ್ಟರು ನನ್ನ ಭುಜ ಹಿಡಿದು "ನೀವೂ ಆಚೆ ಬನ್ನಿ. ನಿಮ್ಮ ಕೋಟೂ ಅದೇ" ಎಂದರು.

ಹೊರಗಿನ ಬೆಂಚಿನ ಮೇಲೆ ಹೆಂಡತಿ ಹೆಣೆದ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಸಿದೆ. ಎಷ್ಟು ಎಳೆದುಕೊಂಡರೂ ನನಗೆ ಯಾವ ವಾಸನೆಯೂ ಬರಲಿಲ್ಲ.

ಅಳಿಯ ಬಂದು ಪಕ್ಕದಲ್ಲಿ ಕೂತ. "ನಿಮ್ಮನೆಗೆ ಬಂದಾಗೆಲ್ಲ ನನ್ನ ಕಣ್ಣು ಉರಿಯುತ್ತೆ ಮಾವ. ನಿನ್ನೆ ಅದನ್ನೇ ಹೇಳೋಣ ಅಂದ್ಕೊಂಡೆ."

"ಯಾಕೆ ಹೇಳಲಿಲ್ಲ?"

"ನೀವು ಹಾಗೆ ಕಣ್ಣು ಬಿಟ್ಟು ನೋಡಿದ್ರಲ್ಲ."

ನವೆಂಬರ್ 11

ಕೂಸಿಗೆ ಬೇರೆಯವರ ರಕ್ತ ಏರಿಸುತ್ತಿದ್ದಾರೆ. ನನಗೆ ವಾರ್ಡಿನೊಳಗೆ ಪ್ರವೇಶವಿಲ್ಲ. ಮಗಳು ಅಳಿಯನ ಮನೆಯಿಂದ ತರಿಸಿದ ಬಟ್ಟೆ ಉಟ್ಟಿದ್ದಾಳೆ. ಬಾಗಿಲ ಗಾಜಿನಿಂದ ನನ್ನನ್ನು ನೋಡಿದಳು, ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಲ್ಯಾಬ್ ಡಾಕ್ಟರು ಬೆಂಚಿಗೇ ಬಂದು ಕೂತರು. ಪಾಪ, ಅವರಿಗೂ ನೂರೆಂಟು ಕೆಲಸ. ನನ್ನ ಮುಖ ನೋಡಿ ಎದ್ದುಹೋಗಲು ಮನಸ್ಸು ಬರಲಿಲ್ಲವೇನೋ.

"ತುಕ್ಕಿನ ಕಲೆ ತೆಗೆದಿದೀರಾ?" ಎಂದರು.

"ಜೀವಮಾನವೆಲ್ಲ ಅದೇ ಕೆಲಸ."

"ಕಬ್ಬಿಣ, ನೀರು, ಗಾಳಿ ಒಟ್ಟಿಗಿದ್ರೆ ತುಕ್ಕು ಹಿಡಿಯುತ್ತೆ. ರಕ್ತದ ಕೆಂಪು ಕಣದಲ್ಲಿ ಇರೋದೂ ಕಬ್ಬಿಣ. ಅದು ಹೊತ್ತು ತಿರುಗೋದು ಗಾಳಿಯಲ್ಲಿರೋ ಆಮ್ಲಜನಕ. ಸುತ್ತ ನೀರು. ನಿಮ್ಮ ರಕ್ತಕ್ಕೆ ಯಾಕೆ ತುಕ್ಕು ಹಿಡಿದಿಲ್ಲ?"

ಇಷ್ಟು ವರ್ಷ ಕಂಡವರ ಅಂಗಿಯ ತುಕ್ಕು ಉಜ್ಜಿದ್ದೇನೆ, ಈ ಪ್ರಶ್ನೆ ಒಂದು ದಿನವೂ ಬಂದಿರಲಿಲ್ಲ.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆದಿಡುತ್ತೇನೆ. ಕಣವೂ ನಮ್ಮ ಹಾಗೆ ತಿಂದು ಬದುಕುತ್ತದೆ, ಅದರ ಊಟ ಸಕ್ಕರೆ. ಆ ಸಕ್ಕರೆಯನ್ನು ಹಂತಹಂತವಾಗಿ ಬಿಚ್ಚಿ ಶಕ್ತಿ ಮಾಡಿಕೊಳ್ಳಲು ಒಳಗೆ ಕಿಣ್ವಗಳೆಂಬ ಕೆಲಸಗಾರರಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಮಾಡಿ ಮುಗಿಸಿದ ಮೇಲೂ ತಾವು ಖರ್ಚಾಗದೆ ಮತ್ತೆ ಅದೇ ಕೆಲಸಕ್ಕೆ ಕೈ ಹಚ್ಚುತ್ತಾರೆ, ಕ್ಷಣದೊಳಗೆ ಎಷ್ಟೋ ಸಲ. ಅವರಲ್ಲೊಬ್ಬ ಸಕ್ಕರೆಯ ಒಂದು ಪಾಲನ್ನು ಪಕ್ಕದ ದಾರಿಗೆ ತಿರುಗಿಸುತ್ತಾನೆ. ಆ ದಾರಿಯಲ್ಲಿ ತಯಾರಾಗುವುದೇ ತುಕ್ಕನ್ನು ತಡೆಯುವ ಶಕ್ತಿ. ನಮ್ಮ ಕೂಸಿನಲ್ಲಿ ಆ ಒಬ್ಬನ ಕೆಲಸ ತೀರಾ ಕಡಿಮೆ. ಸುಮ್ಮನಿದ್ದರೆ ಹೇಗೋ ತೂಗಿಸಿಕೊಂಡು ಹೋಗುತ್ತಿದ್ದ. ನುಸಿಗುಳಿಗೆಯ ಆವಿ ಒಳಗೆ ಹೋಯಿತು, ಕಣಗಳಿಗೆ ತಡೆದುಕೊಳ್ಳಲಾಗಲಿಲ್ಲ. ಒಳಗೆ ಕೆಟ್ಟು ಗಂಟಾದ ಭಾಗವನ್ನು ಮೈ ತಾನೇ ಕಿತ್ತು ತೆಗೆಯುತ್ತದಂತೆ. ಆ ಗುರುತೇ ನಾನು ಕಂಡ ಕಡಿತ.

ಇದಕ್ಕೆಲ್ಲ ಸೇರಿ ಚಯಾಪಚಯ ಅನ್ನುತ್ತಾರಂತೆ. ನನ್ನ ಹಳೆಯ ಒಗೆಯುವ ಯಂತ್ರ ಇದೇ ಸದ್ದು ಮಾಡುತ್ತಿತ್ತು: ಚಯಾಪಚಯ, ಚಯಾಪಚಯ. ಹೇಳಿದೆ, ಡಾಕ್ಟರು ನಕ್ಕರು. ರಕ್ತ, ಮೊಟ್ಟೆಯ ಕಲೆಗೆ ಉಗುರುಬೆಚ್ಚಗಿನ ನೀರಲ್ಲಿ ನಾನು ಹಾಕುವ ಪುಡಿಯಲ್ಲಿರುವುದೂ ಕಿಣ್ವವೇ ಎಂದರು. ನೀರು ಕುದಿದರೆ ಪುಡಿ ಸತ್ತುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಬದುಕಿರುವವರ ಒಳಗಿನ ಪದಾರ್ಥ ಅದು ಎಂದು ಗೊತ್ತಿರಲಿಲ್ಲ, ಚಮಚದಲ್ಲಿ ಎತ್ತಿ ಸುರಿಯುತ್ತಿದ್ದೆ.

ನವೆಂಬರ್ 12

ಕೂಸು ಹಾಗೇ ಇದೆ. ಬೆಂಚು.

ನವೆಂಬರ್ 13

ಇವತ್ತು ಡಾಕ್ಟರಮ್ಮ ನನ್ನ ತೋಳಿನಿಂದಲೂ ರಕ್ತ ತೆಗೆಸಿದರು. ಮಗಳದೂ ತೆಗೆದರು. ಗಾಜಿನ ಕೊಳವೆಯಲ್ಲಿ ನನ್ನ ರಕ್ತ ಏರುವುದನ್ನು ಕಣ್ಣು ಕೀಲಿಸಿ ನೋಡಿದೆ. ಗಡ್ಡ ಹೆರೆದುಕೊಳ್ಳುವಾಗ ಎಷ್ಟು ಸಲ ನೋಡಿಲ್ಲ ಇದನ್ನು, ಒರೆಸಿ ಬಿಸಾಡಿದ್ದೇನೆ.

ನವೆಂಬರ್ 14

ಒಡೆಯುವುದು ನಿಂತಿದೆ! ಡಾಕ್ಟರಮ್ಮ ಬಾಗಿಲಿಗೆ ಬಂದು ಹೇಳಿದರು. ಹೋದ ಜೀವ ಬಂದ ಹಾಗಾಯಿತು. ಅಳಿಯ ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಚಹಾ ತಂದುಕೊಟ್ಟೆ. ಅವನಿಗೆ ಸಕ್ಕರೆ ಎಷ್ಟು ಬೇಕು ಎಂದು ನನಗೆ ಗೊತ್ತಿಲ್ಲವೆಂದು ಆಗ ತಿಳಿಯಿತು, ಕೇಳಿಕೊಂಡೆ.

ಲ್ಯಾಬ್ ಡಾಕ್ಟರು ಹೇಳಿದ್ದು ಬೆಳಗಿನಿಂದ ಕಿವಿಯಲ್ಲಿದೆ. ಕೆಂಪು ಕಣಕ್ಕೆ ಹೊಸ ಕಿಣ್ವ ಮಾಡಿಕೊಳ್ಳುವ ದಾರಿಯಿಲ್ಲ. ಹುಟ್ಟುವಾಗ ಕಟ್ಟಿಕೊಟ್ಟ ಬುತ್ತಿಯಲ್ಲೇ ಕೆಲವು ತಿಂಗಳ ಆಯುಷ್ಯ ಕಳೆಯಬೇಕು. ಅದಕ್ಕೇ ವಿಷ ತಾಗಿದಾಗ ಮುದಿ ಕಣಗಳು ಮೊದಲು ಒಡೆಯುತ್ತವೆ. ಎಳೆಯವು ಬುತ್ತಿ ಇನ್ನೂ ತುಂಬಿರುವುದರಿಂದ ತಡೆದುಕೊಂಡು ನಿಲ್ಲುತ್ತವೆ. ಅಷ್ಟರಲ್ಲಿ ಮೂಳೆಯೊಳಗಿನ ಮಜ್ಜೆ ಹೊಸಬರನ್ನು ಕಳಿಸುತ್ತಲೇ ಇರುತ್ತದೆ. ದೊಡ್ಡವರಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತು ಲಕ್ಷ ಕಣ ಹುಟ್ಟುತ್ತವಂತೆ. ಬೆಂಚಿನ ಮೇಲೆ ನಾನು ಕೈ ಕಟ್ಟಿ ಕೂತು 'ಏನೂ ಮಾಡಲಾಗುತ್ತಿಲ್ಲ' ಎಂದು ಕೊರಗುತ್ತಿದ್ದಾಗ ನನ್ನ ಮೂಳೆಗಳು ಈ ಕೆಲಸ ಮಾಡುತ್ತಿದ್ದವು. ಒಳಗೆ ನನ್ನ ಕೂಸೂ ತನ್ನ ಪುಟಾಣಿ ಮೂಳೆಗಳಲ್ಲಿ ಅದೇ ಕೆಲಸದಲ್ಲಿದ್ದ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು. ನಮ್ಮನ್ನು ಕೇಳಿ ಯಾವುದೂ ನಡೆಯುವುದಿಲ್ಲ. ಕೇಳಿ ನಡೆಯುವಂತಿದ್ದರೆ ನಾನು ಅದರಲ್ಲೂ ಬುದ್ಧಿ ಹೇಳಲು ಹೋಗಿ ಎಡವಟ್ಟು ಮಾಡುತ್ತಿದ್ದೆ.

ನವೆಂಬರ್ 17

ನನ್ನ ರಕ್ತದ ಫಲಿತಾಂಶ ಬಂತು. ನನ್ನಲ್ಲೂ ಆ ಕಿಣ್ವ ಕಡಿಮೆ.

ಇದು ತಂದೆಯಿಂದ ಮಗಳಿಗೆ ಹೋಗಿಯೇ ಹೋಗುತ್ತದೆ, ಅವಳಿಂದ ಗಂಡುಮಗುವಿಗೆ ಹೋದರೂ ಹೋಯಿತು, ಬಿಟ್ಟರೂ ಬಿಟ್ಟಿತು ಎಂದು ಡಾಕ್ಟರಮ್ಮ ಹೇಳಿದರು. ಮಗಳಲ್ಲಿ ಅರ್ಧಪಾಲು ಸರಿಯಿರುವುದರಿಂದ ಅದೇ ಹೊದಿಕೆಯಲ್ಲಿ ಮಲಗಿ ಬೆಳೆದರೂ ಅವಳಿಗೆ ಏನೂ ಆಗಿರಲಿಲ್ಲ. ಚಿಕ್ಕವನಿದ್ದಾಗ ನನ್ನನ್ನು ಶಾಲೆಯಲ್ಲಿ 'ಹಳದಿಗಣ್ಣ' ಅನ್ನುತ್ತಿದ್ದರು, ಅದಕ್ಕೆ ಹೊಡೆದಾಡಿದ್ದೇನೆ. ಹೊಡೆಸಿಕೊಂಡವರು ಸರಿಯಾಗಿಯೇ ನೋಡಿದ್ದರು.

"ಹಾಗಾದ್ರೆ ನಾನು ಇಷ್ಟು ವರ್ಷ ಆ ಕೋಣೆಯಲ್ಲಿ ಹೇಗೆ ಬದುಕಿದೆ?" ಎಂದೆ.

"ದೊಡ್ಡವರ ಮೈ ಗಟ್ಟಿ. ಒಡೆದಷ್ಟನ್ನೂ ಮತ್ತೆ ಮತ್ತೆ ತುಂಬಿಕೊಂಡು ಬಂದಿದೆ" ಎಂದರು ಡಾಕ್ಟರಮ್ಮ. "ನಿಮಗೆ ಒಂದು ದಿನವೂ ಹೇಳಿಲ್ಲ ಅಷ್ಟೇ. ಇನ್ನು ಆ ಗುಳಿಗೆ ನಿಮಗೂ ಬೇಡ."

ಮನೆಗೆ ಹೋಗಲಿಲ್ಲ. ಅಂಗಡಿಯೆದುರಿನ ಬೇಕರಿಯ ಮೇಲೊಂದು ಖಾಲಿ ಕೋಣೆಯಿದೆ, ಅದನ್ನು ಹಿಡಿದೆ. ಎರಡು ಜೊತೆ ಹೊಸ ಹತ್ತಿ ಬಟ್ಟೆ ಕೊಂಡೆ. ಕನ್ನಡಿಯಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ಬಹಳ ಹೊತ್ತು ನೋಡಿಕೊಂಡೆ. ನನ್ನಿಂದ ಕೂಸಿಗೆ ಹೋದದ್ದು ಮೂಗಲ್ಲ, ಹಣೆಯಲ್ಲ, ಇದು. ಅಳು ಬಂತು, ಅತ್ತೆ.

ನವೆಂಬರ್ 23

ಕೂಸು ಅಳಿಯನ ಮನೆಗೆ ಹೋಯಿತು. ಕಿಟಕಿ ರಿಪೇರಿಯಾಗಿದೆಯಂತೆ. ಮೈಯ ವಾಸನೆ ಪೂರ್ತಿ ಹೋಗುವವರೆಗೆ ನಾನು ಅವನನ್ನು ಮುಟ್ಟುವ ಹಾಗಿಲ್ಲ.

ಉಣ್ಣೆಯ ಕೋಣೆ ಖಾಲಿ ಮಾಡಿದೆ. ಗಿರಾಕಿಗಳು ಕೋಟು ಒಯ್ಯಲು ಬಂದಾಗ ಒಬ್ಬೊಬ್ಬರಿಗೂ ಹೇಳಿದೆ: ಎಳೆಕೂಸಿನ ಹತ್ತಿರ ಒಯ್ಯಬೇಡಿ, ಗಾಳಿಗೆ ಚೆನ್ನಾಗಿ ಒಣಗಿಸಿ, ಇನ್ನು ಮುಂದೆ ನಾನು ಒಗೆದು ಕೊಡುತ್ತೇನೆ, ಕಾಯುವುದಿಲ್ಲ. "ಬೇಸಿಗೇಲಿ ನುಸಿ ತಿಂದ್ರೆ?" ಎಂದು ಹಳೆಯ ಗಿರಾಕಿಯೊಬ್ಬರು ಕೇಳಿದರು. "ತಿನ್ನಲಿ ಬಿಡಿ" ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ಅವರು ನನಗೆ ಜ್ವರವೇ ಎಂದು ವಿಚಾರಿಸಿದರು.

ಹೆಂಡತಿಯ ಹೊದಿಕೆಯನ್ನು ತಾರಸಿಯ ತಂತಿಗೆ ನೇತುಹಾಕಿದ್ದೇನೆ. ಅದನ್ನು ಕೂಸಿಗೆ ಮತ್ತೆ ಹೊದಿಸುವುದಿಲ್ಲ. ಆದರೂ ಬಿಸಾಡಲು ಕೈ ಬರಲಿಲ್ಲ.

ನವೆಂಬರ್ 29

ಬೆಳಿಗ್ಗೆ ಎಚ್ಚರವಾದಾಗ ಕೋಣೆಯಲ್ಲಿ ಏನೋ ಇತ್ತು. ಯಾರೋ ಬಂದು ನಿಂತ ಹಾಗೆ. ಎದ್ದು ಕೂತೆ, ಯಾರೂ ಇಲ್ಲ. ಆಮೇಲೆ ತಿಳಿಯಿತು, ಕೆಳಗೆ ಒಲೆಯಿಂದ ಬ್ರೆಡ್ಡು ತೆಗೆದಿದ್ದಾರೆ, ಅದರ ವಾಸನೆ! ಆ ಬೇಕರಿ ನನ್ನ ಅಂಗಡಿಯಷ್ಟೇ ಹಳೆಯದು, ಒಂದು ದಿನವೂ ಮೂಗಿಗೆ ಬಂದಿರಲಿಲ್ಲ. ಮುಖ ತೊಳೆಯುವಾಗ ಸೋಪಿಗೂ, ಹೊರಗೆ ಬಂದರೆ ಒದ್ದೆ ರಸ್ತೆಗೂ ವಾಸನೆ. ಹುಚ್ಚನ ಹಾಗೆ ಬೀದಿಯುದ್ದಕ್ಕೂ ಮೂಸುತ್ತ ಹೋದೆ.

ವಾಪಸು ಬಂದು ಅಂಗಡಿಯ ಬೀಗ ತೆಗೆದೆ. ಖಾಲಿ ಕೋಣೆಯ ಗೋಡೆಗಳಿಂದ ಆ ಘಾಟು ಮುಖಕ್ಕೆ ಹೊಡೆಯಿತು. ಕಣ್ಣಲ್ಲಿ ನೀರು ಸುರಿಯಿತು. ಅಳಿಯ ಮದುವೆಯಾದಾಗಿನಿಂದ ಪ್ರತಿ ಸಲ ಇದರೊಳಗೆ ಕೂತು, ಹಾಕಿದ ಊಟ ಉಂಡು, ಒಂದು ಮಾತೂ ಆಡದೆ ಎದ್ದುಹೋಗುತ್ತಿದ್ದ. ಫೋನು ಮಾಡಿ "ಬಂತು ಕಣೋ, ನನಗೂ ಬಂತು" ಎಂದೆ. ಏನು ಎಂದು ಅವನು ಕೇಳಲಿಲ್ಲ. ಜೋರಾಗಿ ನಕ್ಕ. ಅವನು ನಗುವುದನ್ನು ನಾನು ಕೇಳಿದ್ದು ಇದೇ ಮೊದಲು.

ಡಿಸೆಂಬರ್ 6

ಇವತ್ತು ಮಗಳು, ಅಳಿಯ ಕರೆದರು. ಸೋಪು ಹಾಕಿ ಸ್ನಾನ ಮಾಡಿ, ಹೊಸ ಹತ್ತಿ ಅಂಗಿ ಹಾಕಿಕೊಂಡು ಹೊರಟೆ. ಐದನೇ ಮಹಡಿಗೆ ಲಿಫ್ಟು ಹತ್ತಲಿಲ್ಲ, ಮೆಟ್ಟಿಲು ಹತ್ತಿದೆ, ಬೇಗ ಹೋಗಿಬಿಟ್ಟರೆ ಎಂಬ ಹೆದರಿಕೆಯೋ ಏನೋ. ಏದುಸಿರು ಬಂತು. ಎಳೆದುಕೊಂಡ ಒಂದೊಂದು ಉಸಿರನ್ನೂ ಯಾರು ಯಾರು ಹೊತ್ತು ಎಲ್ಲೆಲ್ಲಿಗೆ ಒಯ್ಯುತ್ತಿದ್ದಾರೆ ಎಂದು ನೆನೆಸಿಕೊಂಡೇ ಹತ್ತಿದೆ.

ಮಗಳು ಕೂಸನ್ನು ನನ್ನ ಕೈಗೆ ಕೊಟ್ಟಳು. ತುಟಿ ಕೆಂಪಗಿತ್ತು. ಕೆಂಪು ಎಂಬ ಬಣ್ಣವನ್ನು ಈ ಜನ್ಮದಲ್ಲಿ ಎಷ್ಟು ಬಟ್ಟೆಗಳಿಂದ ತೊಳೆದು ತೆಗೆದಿದ್ದೇನೋ. ಇಂಥ ಕೆಂಪನ್ನು ಕಂಡಿರಲಿಲ್ಲ. ಅವನ ನೆತ್ತಿಗೆ ಮೂಗು ಇಟ್ಟೆ. ಹಾಲಿನ ವಾಸನೆ, ಬಿಸಿಲಿಗೆ ಒಣಗಿದ ಹತ್ತಿಯ ವಾಸನೆ, ಅದರಡಿಯಲ್ಲಿ ಇನ್ನೊಂದು. ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಒಳಗೆ ಅಷ್ಟೊಂದು ಕೆಲಸ ನಡೆಯುತ್ತಿರುವಾಗ ಹೊರಗೆ ಬರುವ ಬಿಸಿಯ ವಾಸನೆ ಇರಬೇಕು.

"ನೀನು ಹುಟ್ಟಿದಾಗ ನಿನ್ನ ವಾಸನೆಯೂ ಹೀಗೇ ಇತ್ತಾ?" ಎಂದು ಮಗಳನ್ನು ಕೇಳಿದೆ.

"ನನ್ನನ್ನ ಕೇಳಿದ್ರೆ? ನೀನು ಎತ್ತಿಕೊಂಡಿರಲಿಲ್ವಾ?"

ಎತ್ತಿಕೊಂಡಿದ್ದೆ. ದಿನವೂ ಎತ್ತಿಕೊಂಡಿದ್ದೆ.

ಅವಳಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಹತ್ತಿರ ಬಂದು, ಕೂಸಿನ ಮೇಲೆ ಬಗ್ಗಿದಳು ಅಂದುಕೊಂಡೆ, ನನ್ನ ಭುಜಕ್ಕೆ ಮೂಗು ಹಚ್ಚಿದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಶಾಲೆಯಲ್ಲಿ ಯಾರದಾದ್ರೂ ಕೋಟಿಂದ ಆ ವಾಸನೆ ಬಂದ್ರೆ ನೀನೇ ಬಂದೆ ಅಂತ ತಿರುಗಿ ನೋಡ್ತಿದ್ದೆ" ಎಂದಳು. "ಹೊದಿಕೆಗೆ ಮುಖ ಇಟ್ಟಾಗ ಅಮ್ಮ ಅನ್ನಿಸಲಿಲ್ಲಪ್ಪ, ನೀನು ಅನ್ನಿಸ್ತು. ಡಾಕ್ಟರು ಕೇಳಿದಾಗ್ಲೂ ಅದು ಘಾಟು ಅಂತ ಹೊಳೀಲಿಲ್ಲ. ಈಗ ನಿನ್ನಲ್ಲಿ ಏನೂ ಇಲ್ಲ." ಮುಖ ಎತ್ತದೆ ಅಲ್ಲೇ ಅತ್ತಳು.

ಕೂಸು ನಮ್ಮಿಬ್ಬರ ನಡುವೆ ಸಿಕ್ಕಿಕೊಂಡು ಕೊಸರಾಡಿತು. ಅಳಿಯ ಬಾಗಿಲಲ್ಲಿ ಮೂರು ಲೋಟ ಹಿಡಿದು ನಿಂತಿದ್ದ. ನಾನು ಅಲುಗಾಡಲಿಲ್ಲ. ಹೊಸ ಅಂಗಿಯ ಭುಜ ಒದ್ದೆಯಾಗುತ್ತಿತ್ತು. ಇದು ಯಾವ ಕಲೆಯನ್ನೂ ಬಿಡುವುದಿಲ್ಲ ಎಂದು ನನಗೆ ಗೊತ್ತು. ಆದರೂ ಈ ಅಂಗಿಯನ್ನು ಒಗೆಯಲು ಹಾಕಿಲ್ಲ.